ಮಾವನವರ ಡಬ್ಬಿ ತುಪ್ಪ

ನಮ್ಮ ಮಾವನವರು ಊರಿಗೆ ತುಪ್ಪ ನೀಡುವವರು. ನಮ್ಮ ಕಡೆ ನೀಡುವುದೆಂದರೆ ಬಡಿಸುವುದು. ಮದುವೆಯಿರಲಿ, ಬಸುರಿಯ ಕುಬಸವಿರಲಿ, ಹೊಸ ಮನೆಯ ಊಟವಿರಲಿ, ಅನ್ನ ಯಾರು ನೀಡಿದರೂ ನಡೆಯುತ್ತಿತ್ತು, ಸಾರು ಯಾರು ನೀಡಿದರೂ ನಡೆಯುತ್ತಿತ್ತು. ತುಪ್ಪದ ಗಿಂಡಿ ಮಾತ್ರ ಅವರ ಕೈಗೇ ಬರಬೇಕು. ಅದರಲ್ಲಿ ಲೆಕ್ಕಾಚಾರ ಇತ್ತು. ಕೈ ಬಿಗಿಯಾದರೆ ಊಟ ಹಾಕಿದವರ ಮಾನ ಹೋಗುತ್ತದೆ. ಕೈ ಸಡಿಲಾದರೆ ಕಡೆಯ ಪಂಗ್ತಿಗೆ ಬರೀ ಗಿಂಡಿ ಬರುತ್ತದೆ. ಮಾವನವರ ಕೈಯಲ್ಲಿ ಗೌಡರ ಎಲೆಗೂ ಆಳಿನ ಎಲೆಗೂ ಒಂದೇ ಧಾರೆ. ಯಾರಾದರೂ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು "ಸಾಕ್ರೀ ಯಜಮಾನ್ರ, ಸಾಕು" ಅಂದರೆ ಅವರದೊಂದು ಮಾತು ಇತ್ತು: "ಕೈ ತಗೀ ತಮ್ಮಾ. ತುಪ್ಪ ಬ್ಯಾಡ ಅನ್ನೋ ವಯಸ್ಸು ನಿನಗಿನ್ನೂ ಬಂದಿಲ್ಲ." ಎಲ್ಲರೂ ನಗುತ್ತಿದ್ದರು. ಅವನು ಕೈ ತೆಗೆಯುತ್ತಿದ್ದ, ಇವರು ನೀಡುತ್ತಿದ್ದರು.

ಈ ಕೈಯ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಮೊದಲಿಗೆ. ನನ್ನ ತವರು ಕಲಘಟಗಿ ಕಡೆಯ ತಂಬೂರ. ಅಲ್ಲಿ ಅನ್ನ ಉಣ್ಣುವವರು ನಾವು. ಕೊಟ್ಟದ್ದು ಸಂಶಿಯ ಹತ್ತಿರದ ಎರಿ ಭೂಮಿಯ ಊರಿಗೆ, ಮೂರು ಹೊತ್ತೂ ರೊಟ್ಟಿ ಬಡಿಯುವ ಮನೆಗೆ. ಮನೆಯಲ್ಲಿ ಮಂದಿ ಹೆಚ್ಚಿರಲಿಲ್ಲ. ಮಾವನವರು, ಅತ್ತೆ, ಸಂಶಿಯ ಸಾಲಿಯಲ್ಲಿ ಮಾಸ್ತರಾಗಿದ್ದ ನನ್ನ ಗಂಡ, ಆಮೇಲೆ ನಾನು. ಹಾಂ, ಒಂದು ಎಮ್ಮೆ. ಅದನ್ನು ಬಿಟ್ಟು ಹೇಳಿದರೆ ಕತೆ ನಡೆಯುವುದಿಲ್ಲ.

ಯಾಕೆಂದರೆ ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುವಂತಿರಲಿಲ್ಲ, ನೇರ ಮಾತಾಡುವಂತಿರಲಿಲ್ಲ. ತಲೆಯ ಮೇಲೆ ಸೆರಗು, ನೆಲದ ಮೇಲೆ ಕಣ್ಣು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ, ಮಾತು ನಾಲಿಗೆಯ ತುದಿಯಲ್ಲೇ. ಬಾಯಿ ಮುಚ್ಚಿಕೊಂಡಿರು ಅಂದರೆ ಹೊಟ್ಟೆ ಉಬ್ಬುತ್ತಿತ್ತು. ಆದರೆ ಮನೆಯಲ್ಲಿ ದಿನ ಹೋಗಬೇಕಲ್ಲ? ಅದಕ್ಕೆ ಎಮ್ಮೆ ಇತ್ತು. ನಮ್ಮ ಕಡೆ ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡಿಗೆಮನೆ. ಮಾವನವರು ಗೋದಲಿಗೆ ಮೇವು ಹಾಕುತ್ತ ಎಮ್ಮೆಯನ್ನು ಕೇಳುತ್ತಿದ್ದರು: "ಏ ಎಮ್ಮೀ, ಜಳಕಕ್ಕ ನೀರು ಕಾದಾವೇನು?" ನಾನು ಒಳಗಿನಿಂದ ಎಮ್ಮೆಗೇ ಹೇಳುತ್ತಿದ್ದೆ: "ಕಾದಾವ ಎಮ್ಮೀ, ಬರ್ರಿ ಅನ್ನು." ಎಮ್ಮೆ ಇಬ್ಬರನ್ನೂ ಕೇಳಿಸಿಕೊಂಡು ಮೆಲುಕು ಹಾಕುತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷ ನಾವಿಬ್ಬರೂ ಹೀಗೇ ಮಾತಾಡಿದ್ದು. ನಗಬೇಡಿ, ಅದರಲ್ಲಿ ಪ್ರೀತಿಯೂ ಇತ್ತು. ನನಗೆ ಜ್ವರ ಬಂದು ಮಲಗಿದಾಗ "ಎಮ್ಮೀ, ಇವತ್ತ ರೊಟ್ಟಿ ಬಡಿಯೂದು ಬ್ಯಾಡ, ನುಚ್ಚು ಸಾಕು" ಎಂದು ಗಟ್ಟಿಯಾಗಿ ಹೇಳಿದ್ದರು. ನನ್ನ ಗಂಡನಿಗೆ ಅಷ್ಟೂ ಹೊಳೆದಿರಲಿಲ್ಲ.

ಒಂದು ಬೇಸಿಗೆಯಲ್ಲಿ, ಮದುವೆಯ ಊಟದಲ್ಲಿ, ಮಾವನವರು ಗಿಂಡಿ ಹಿಡಿದು ನಡೆಯುತ್ತಿದ್ದವರು ನಡುವೆಯೇ ಬೆವರಿ ನಿಂತರು. ಗಿಂಡಿ ಚೆಲ್ಲಲಿಲ್ಲ. ಬಾಜೂಕಿದ್ದವನ ಕೈಗೆ ಅದನ್ನು ಕೊಟ್ಟು, ಎಡಗೈಯಿಂದ ಎದೆ ಹಿಡಿದುಕೊಂಡು ಕೂತರು. ಟೆಂಪೋ ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದರು. ದೇವರು ದೊಡ್ಡವನು, ಜೀವ ಉಳಿಯಿತು. ಬಿಟ್ಟು ಕಳಿಸುವಾಗ ಡಾಕ್ಟರು ನನ್ನ ಗಂಡನಿಗೆ ಹೇಳಿದರಂತೆ: "ಮಾಸ್ತರ, ತುಪ್ಪ, ಬೆಣ್ಣಿ, ಕೆನಿ ಪೂರಾ ಬಂದ್. ಎಣ್ಣಿ ಜರಾ ನಡೀತೈತಿ." ಬಾಗಿಲಲ್ಲಿ ಮಂದಿ ನೆರೆದಿದ್ದರು, ಡಾಕ್ಟರಿಗೆ ಅದಕ್ಕಿಂತ ಹೆಚ್ಚು ಹೇಳುವ ಪುರಸೊತ್ತು ಇರಲಿಲ್ಲ, ಇವರಿಗೆ ಕೇಳುವ ಧೈರ್ಯ ಇರಲಿಲ್ಲ.

ಮುಂದಿನದೆಲ್ಲ ನಮ್ಮದೇ ಬುದ್ಧಿವಂತಿಕೆ. ಹುಬ್ಬಳ್ಳಿಯಿಂದ ಬರುತ್ತ ಕುಂದಗೋಳದಲ್ಲಿ ಬಸ್ಸು ನಿಂತಾಗ ನನ್ನ ಗಂಡ ಕಿರಾಣಿ ಅಂಗಡಿಯೊಂದಕ್ಕೆ ಹೋಗಿ ಕಷ್ಟ ಹೇಳಿಕೊಂಡರು. ಅಪ್ಪನಿಗೆ ಬಿಸಿ ರೊಟ್ಟಿಯ ಮೇಲೆ ತುಪ್ಪ ಕರಗುವುದು ಕಾಣದಿದ್ದರೆ ತುತ್ತು ಇಳಿಯುವುದಿಲ್ಲ, ಏನು ಮಾಡಲಿ ಅಂದರು. ಅಂಗಡಿಯವನು ವನಸ್ಪತಿಯ ಡಬ್ಬಿ ತೆಗೆದು ಮುಂದಿಟ್ಟ. "ಇದು ತುಪ್ಪ ಅಲ್ರೀ ಮಾಸ್ತರ. ಎಣ್ಣಿನs ಗಟ್ಟಿ ಮಾಡ್ಯಾರ. ಡಾಕ್ಟರು ಎಣ್ಣಿ ನಡೀತೈತಿ ಅಂದಾರಿಲ್ಲ? ಮತ್ತೇನು ಬೇಕು ನಿಮಗ?" ನನ್ನ ಗಂಡ ಮನೆಗೆ ಬಂದು ಇದನ್ನೇ ನಮಗೆ ಪಾಠ ಮಾಡಿದರು. ನೋಡಲಿಕ್ಕೆ ತುಪ್ಪ, ತಿನ್ನಲಿಕ್ಕೆ ತುಪ್ಪ, ಒಳಗೆ ಎಣ್ಣೆ. ಡಾಕ್ಟರ ಮಾತೂ ಉಳಿಯಿತು, ಅಪ್ಪನ ನಾಲಿಗೆಯೂ ಉಳಿಯಿತು. ಹೀಗೆ ಎರಡೂ ಕಡೆ ಗೆದ್ದವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದು, ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದರು. "ಅಂಗೈಯಾಗ ಬೆಣ್ಣಿ ಇಟ್ಕೊಂಡು ತುಪ್ಪಕ್ಕ ಊರೆಲ್ಲಾ ತಿರಗಿದ್ರಂತ. ಎಣ್ಣಿನs ತಿನಬೇಕಂದ್ರ ಮನ್ಯಾಗ ಕುಸುಬಿ ಎಣ್ಣಿ ಇಲ್ಲೇನು?"

ಇತ್ತು. ಗಡಿಗೆ ತುಂಬ ಇತ್ತು. ನಮ್ಮ ಜೋಳದ ಹೊಲದ ಸುತ್ತ ಕುಸುಬಿ ಬಿತ್ತುತ್ತಿದ್ದೆವು, ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ ಅಂತ. ಬೇಲಿಯೂ ಆಯಿತು, ಗಾಣಕ್ಕೆ ಹಾಕಿದರೆ ವರ್ಷದ ಎಣ್ಣೆಯೂ ಆಯಿತು. ಆದರೆ ಹೊಲದ ಬೇಲಿಯ ಎಣ್ಣೆ ಎಂದರೆ ಯಾರಿಗೆ ಬೆಲೆ? ಅದನ್ನು ಚಟ್ನಿಪುಡಿಗೆ ಕಲಸುತ್ತಿದ್ದೆವು, ತಲೆಗೆ ಹಚ್ಚಿಕೊಳ್ಳುತ್ತಿದ್ದೆವು, ದೀಪಕ್ಕೂ ಅದೇ. ಎದೆಯ ಬೇನೆಯಿಂದ ಎದ್ದು ಬಂದ ಹಿರಿಯರಿಗೆ ಅದನ್ನು ಹಾಕುವುದೆ? "ಅವ್ವಾ, ನಿನಗ ತಿಳಿಯಂಗಿಲ್ಲ, ಸುಮ್ಮನಿರು" ಅಂದರು ನನ್ನ ಗಂಡ. ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಅವರೂ ಸಾಲಿ ಕಲಿತ ಮಗನನ್ನು ದೇವರಂತೆ ನಂಬಿದವರೇ. ಆಮೇಲಾಮೇಲೆ ಡಬ್ಬಿ ಖಾಲಿಯಾಗುವುದನ್ನೇ ಕಾಯುತ್ತಿದ್ದರು, ಖಾರದಪುಡಿ ತುಂಬಿಡಲಿಕ್ಕೆ ಛಲೋ ಆಗುತ್ತದೆ ಅಂತ.

ಡಬ್ಬಿಯ ಯಜಮಾನಿಕೆ ನನಗೆ ಬಂತು. ಮಾವನವರ ಪಥ್ಯ ನೋಡಿಕೊಳ್ಳುವುದು ಸೊಸೆಯ ಕೆಲಸ ಎಂದು ನನ್ನ ಗಂಡ ಹೇಳಿದ್ದರು, ನಾನೂ ಹಿಗ್ಗಿದ್ದೆ. ಅಲ್ಲಿಯತನಕ ಆ ಮನೆಯಲ್ಲಿ ನನ್ನ ಕೈಗೆ ಕಸಬರಿಗೆ ಬಿಟ್ಟರೆ ಬೇರೆ ಅಧಿಕಾರ ಸಿಕ್ಕಿರಲಿಲ್ಲ. ತುಪ್ಪದ ಪುಟ್ಟ ಸೌಟಿಗೆ ನಮ್ಮಲ್ಲಿ ಮಿಳ್ಳೆ ಅನ್ನುತ್ತಾರೆ. ಬಿಸಿ ರೊಟ್ಟಿಯ ಮೇಲೆ ಒಂದು ಮಿಳ್ಳೆ, ಅನ್ನದ ಮೇಲೆ ಒಂದು ಮಿಳ್ಳೆ ಹಾಕುತ್ತಿದ್ದೆ. ಬಾಯಿ ಬೇಸರಿಸುತ್ತದೆ ಪಾಪ ಅಂತ ಅದರಲ್ಲೇ ಶಂಕರಪಾಳಿ ಕರಿದು ಬೇರೆ ಇಟ್ಟಿದ್ದೆ. ಪಥ್ಯದ ಶಂಕರಪಾಳಿ! ಈಗ ನೆನೆಸಿದರೆ ಹಣೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಕರಿದು ಉಳಿದದ್ದನ್ನು ಸೋಸಿ, ಮತ್ತೆ ಕಾಸಿ, ಮತ್ತೆ ಕರಿಯುತ್ತಿದ್ದೆ. ಓಣಿಯ ಹೆಂಗಸರು ಬಂದು ಡಬ್ಬಿಯನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. "ನಮ್ಮ ಮಾವಾರಿಗೆ ಡಾಕ್ಟರು ಹೇಳ್ಯಾರ" ಎಂದು ನಾನು ಕತ್ತು ಎತ್ತಿ ಹೇಳುತ್ತಿದ್ದೆ.

ಮಾವನವರು ಉಂಡರು. ಮೊದಲ ದಿನ ಒಂದು ತುತ್ತು ಬಾಯಿಗಿಟ್ಟು, ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಹಚ್ಚಿ ನೋಡಿದರು. ಊಟ ಮುಗಿದ ಮೇಲೆ ಬಿಸಿನೀರು ತರಿಸಿಕೊಂಡು ಬಾಯಿ ಮುಕ್ಕಳಿಸಿದರು. ಎಮ್ಮೆಗೆ ಮಾತ್ರ ಹೇಳಿದರು: "ಎಮ್ಮೀ, ನಿಂದು ಕೆಲಸ ಹೋತು ನೋಡು." ಮಿಳ್ಳೆ ಎತ್ತಿದರೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಎಲ್ಲರ ಕೈ ಸರಿಸಿದ ಮನುಷ್ಯ ತನ್ನ ಕೈ ಅಡ್ಡ ಹಿಡಿಯುವುದನ್ನು ನೋಡಿದರೂ ನಾನು ಮಿಳ್ಳೆ ಇಳಿಸುತ್ತಿರಲಿಲ್ಲ, ಪಥ್ಯ ಎಂದರೆ ಪಥ್ಯ.

ಎಮ್ಮೆಯ ಕೆಲಸವೇನೂ ಹೋಗಿರಲಿಲ್ಲ. ಮೊಸರು ಕಡೆಯುವುದು, ಬೆಣ್ಣೆ ಕಾಸುವುದು ನಡೆದೇ ಇತ್ತು. ಮನೆಗೆ ಬೇಡವಾದ ಮೇಲೆ ತುಪ್ಪವೆಲ್ಲ ಸಂಶಿಯ ಸಂತೆಗೆ ಹೋಗತೊಡಗಿತು. ಸಂತೆಯ ದಿನ ಬೆಳಿಗ್ಗೆ ಅತ್ತೆ ಮಣ್ಣಿನ ಗಡಿಗೆಯಲ್ಲಿ ಬೆಣ್ಣೆ ಕಾಸುತ್ತಿದ್ದರು. ಕಡೆಗೊಂದು ಎಲೆ ಹರಿದು ಹಾಕುತ್ತಿದ್ದರು, ವೀಳ್ಯದೆಲೆ. ಅದು ಚಟಚಟ ಅಂದಿತೆಂದರೆ ಇಡೀ ಮನೆ ಘಮ್ಮೆನ್ನುತ್ತಿತ್ತು. ಮಾವನವರು ಎದ್ದು ಹೊರಗಿನ ಕಟ್ಟೆಯ ಮೇಲೆ, ರಸ್ತೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ತುಪ್ಪ ಸೋಸಿಕೊಂಡ ಮೇಲೆ ಗಡಿಗೆಯ ತಳದಲ್ಲಿ ಕಂದು ಬಣ್ಣದ ಗಸಿ ಉಳಿಯುತ್ತದಲ್ಲ, ಅದಕ್ಕಿಂತ ರುಚಿಯಾದದ್ದು ನನಗಂತೂ ಗೊತ್ತಿಲ್ಲ. ತವರಿನಲ್ಲಿ ಅದಕ್ಕೆ ಬೆಲ್ಲ ಹಾಕಿ ಕಲಸಿ ನಾವು ಮಕ್ಕಳು ಹೊಡೆದಾಡಿ ತಿನ್ನುತ್ತಿದ್ದೆವು. ಇಲ್ಲಿ ಅತ್ತೆ ನನಗೆ ಆ ಗಡಿಗೆ ಮುಟ್ಟಗೊಡುತ್ತಿರಲಿಲ್ಲ. "ಗಡಿಗಿ ತೊಳೀಬ್ಯಾಡ, ನಾ ಸಂತಿಂದ ಬಂದು ತೊಳೀತೀನಿ. ನಿನ್ನ ಕೈಯಾಗ ಒಡದೀತು. ನೀ ಅರಿಬಿ ತಗೊಂಡು ಕೆರೀಗೆ ಹೋಗು." ಪ್ರತಿ ಸಂತೆಗೂ ಇದೇ ಮಾತು. ನಾನೇನು ಗಡಿಗೆ ಒಡೆಯುವವಳೆ? ಊರೆಲ್ಲ ಸಂತೆಗೆ ಹೋಗುತ್ತದೆ, ನಾನೊಬ್ಬಳು ಅರಿವೆಯ ಗಂಟು ಹೊತ್ತು ಕೆರೆಗೆ. ಬೈದುಕೊಳ್ಳುತ್ತಲೇ ಹೋಗುತ್ತಿದ್ದೆ.

ಹಾಗೆ ಹೋದವಳು ಒಂದು ಸಂತೆಯ ದಿನ ಅರ್ಧ ದಾರಿಯಿಂದ ತಿರುಗಿ ಬಂದೆ. ಸಾಬೂನು ಮರೆತಿದ್ದೆ. ಬಾಗಿಲು ಮುಂದಕ್ಕೆ ಮಾಡಿತ್ತು. ತಳ್ಳಿ ಒಳಗೆ ಬಂದು, ಪಡಸಾಲೆ ಹತ್ತಿ, ಅಡಿಗೆಮನೆಯ ಹೊಸ್ತಿಲಲ್ಲಿ ಕಾಲಿಟ್ಟೆ.

ಮಾವನವರು ಒಲೆಯ ಮುಂದೆ ನೆಲದ ಮೇಲೆ ಕೂತಿದ್ದರು. ಆ ಮನೆಯಲ್ಲಿ ಗಂಡಸರು ಅಡಿಗೆಮನೆಯೊಳಗೆ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ತೊಡೆಯ ನಡುವೆ ಗಡಿಗೆ. ಒಣರೊಟ್ಟಿಯ ಚೂರಿನಿಂದ ತಳ ಕೆರೆದು ಗಸಿ ತೆಗೆದು ತಿನ್ನುತ್ತಿದ್ದರು. ಮೀಸೆಗೆ ಹತ್ತಿತ್ತು. ಕಣ್ಣು ಮುಚ್ಚಿದ್ದರು.

ಅಲ್ಲಿಂದಲೇ ಹಿಂದೆ ಸರಿದು ಹೋಗಬೇಕಿತ್ತು ನಾನು. ಬೆಕ್ಕಿನ ಹೆಜ್ಜೆಯಲ್ಲಿ ಹೋಗಿದ್ದರೆ ಆಗಿಹೋಗುತ್ತಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ? "ಅಯ್ಯ!" ಅಂದೆ. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅವರು ಕಣ್ಣು ತೆರೆದರು. ಸೆರಗು ಎಳೆದುಕೊಳ್ಳಲು ನನಗೆ ನೆನಪಾಗಲಿಲ್ಲ, ಕಣ್ಣು ಕೆಳಗೆ ಹಾಕಲೂ ನೆನಪಾಗಲಿಲ್ಲ. ನೆಟ್ಟಗೆ ನೋಡಿಬಿಟ್ಟೆ. ಊರಿಗೆಲ್ಲ ತುಪ್ಪ ನೀಡಿದ ಮನುಷ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದರು, ಬೆಲ್ಲ ಕದ್ದ ಮಗುವಿನ ಹಾಗೆ. ಗಡಿಗೆ ಉರುಳಿ ಗೋಡೆಗೆ ಹೋಗಿ ನಿಂತಿತು. ಆಮೇಲೆ ಅವರು ಗೋಡೆ ನೋಡುತ್ತ ಹೇಳಿದರು: "ಬೆಕ್ಕು ಬಂದಿತ್ತು. ಗಡಿಗ್ಯಾಗ ಬಾಯಿ ಹಾಕಿತ್ತು. ಓಡಸಾಕ ಬಂದೆ."

ಬೆಕ್ಕು ಹೊರಗೆ ಕಟ್ಟೆಯ ಮೇಲೆ ಬಿಸಿಲಿಗೆ ಮಲಗಿತ್ತು. ಅದನ್ನು ದಾಟಿಯೇ ನಾನು ಒಳಗೆ ಬಂದಿದ್ದೆ.

ನೆಲ ಬಾಯಿ ಬಿಟ್ಟಿದ್ದರೆ ಇಳಿದು ಹೋಗುತ್ತಿದ್ದೆ. ಸುಳ್ಳು ಹೇಳಿದವರು ಅವರು, ನಾಚಿಕೆ ಬಂದದ್ದು ನನಗೆ. ಅವರಿಗೆ ಬಂದದ್ದು ಎಷ್ಟು ಎನ್ನುವುದು ಅವರು ಏಳುವಾಗ ಕಂಡಿತು. ಗೋಡೆಗೆ ಕೈ ಕೊಟ್ಟು ಎದ್ದು, ನನ್ನನ್ನು ಮುಟ್ಟಿಸಿಕೊಳ್ಳದೆ ಬಾಗಿಲು ದಾಟಬೇಕಿತ್ತು ಅವರು. ನಾನು ಬಾಗಿಲಲ್ಲೇ ಕಂಬದಂತೆ ನಿಂತಿದ್ದೆ. ಸರಿಯಬೇಕು ಅಂತ ಕೂಡ ಹೊಳೆಯಲಿಲ್ಲ ಈ ಮೂಳಿಗೆ. ಅವರು ಕಾಯುತ್ತ ನಿಂತರು, ನನ್ನ ಎದುರು, ಮೀಸೆಯ ಮೇಲೆ ಗಸಿ ಹಚ್ಚಿಕೊಂಡು. ಕಡೆಗೆ ನಾನು ಸರಿದೆ. ಸಾಬೂನು ತೆಗೆದುಕೊಂಡು ಕೆರೆಗೆ ಹೋಗಿ ಎಲ್ಲ ಅರಿವೆಗಳನ್ನೂ ಕಲ್ಲಿಗೆ ಬಡಿದೆ.

ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ. ಹೇಳದೆ ಇದ್ದುದರಿಂದ ಆ ಮಾತು ಅಲ್ಲಿಗೇ ಮುಗಿಯಿತು, ಅವರ ಮಾನ ಉಳಿಯಿತು ಎಂದುಕೊಂಡಿದ್ದೆ. ಅವರು ಹಾಗೆಂದುಕೊಂಡಿರಲಿಲ್ಲ. ಅವತ್ತಿನಿಂದ ಅವರು ನನಗೆ ಹೆದರತೊಡಗಿದರು. ಹೇಗೆ ಹೇಳಲಿ ಇದನ್ನು? ಮಾವ ಸೊಸೆಗೆ ಹೆದರುವುದನ್ನು ನೀವು ನೋಡಿದ್ದೀರಾ? ನಾನು ತಾಟು ಇಟ್ಟರೆ ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದರು. ಡಬ್ಬಿಯ ತುಪ್ಪ ತಂದರೆ ಈಗ ಅಂಗೈ ಅಡ್ಡ ಬರುತ್ತಿರಲಿಲ್ಲ. ಬದಲಿಗೆ ಗೋದಲಿಯ ಕಡೆ ಮುಖ ಮಾಡಿ, "ಎಮ್ಮೀ, ಇನ್ನೊಂದು ಮಿಳ್ಳಿ ಹಾಕಂತ ಹೇಳು. ಅಗದಿ ಛಲೋ ಐತಿ" ಅನ್ನುತ್ತಿದ್ದರು. ಹಾಕುತ್ತಿದ್ದೆ. ಉಣ್ಣುತ್ತಿದ್ದರು. ಉಂಡ ಮೇಲೆ ಬಿಸಿನೀರು ಕೇಳುವುದನ್ನೂ ಬಿಟ್ಟರು. ಶಂಕರಪಾಳಿ ಮುಂದಿಟ್ಟರೆ ಬಟ್ಟಲು ಖಾಲಿ ಮಾಡುತ್ತಿದ್ದರು, ನನಗೆ ಕಾಣುವ ಹಾಗೆ ಬಟ್ಟಲನ್ನು ಬಾಗಿಲ ಕಡೆ ಸರಿಸುತ್ತಿದ್ದರು.

ತಾನು ಕಳ್ಳನಲ್ಲ ಎಂದು ತೋರಿಸಲಿಕ್ಕೆ ಅವರು ಉಣ್ಣುತ್ತಿದ್ದರು. ಅದು ನನಗೆ ಗೊತ್ತಾಗುತ್ತಿತ್ತು. ಗೊತ್ತಾಗಿಯೂ, ಒಳ್ಳೆಯದೇ ಆಯಿತು, ಪಥ್ಯ ಕಟ್ಟುನಿಟ್ಟಾಯಿತು ಅಂತ ಇನ್ನೊಂದು ಮಿಳ್ಳೆ ಹಾಕುತ್ತಿದ್ದೆ. ನನ್ನ ಗಂಡ ಊರಲ್ಲಿ ಹೇಳಿಕೊಂಡು ಬರುತ್ತಿದ್ದರು, "ನಮ್ಮಪ್ಪ ತುಪ್ಪದ ಕಡಿ ತಿರುಗಿ ಸುದ್ದಾ ನೋಡಂಗಿಲ್ಲ" ಅಂತ.

ಆ ವರ್ಷ ಓಣಿಯಲ್ಲಿ ಒಂದು ಮದುವೆಯಾಯಿತು. ಪಂಗ್ತಿ ಕೂತಿತು, ಅನ್ನ ಬಂತು, ಮದುವೆಯ ಮನೆಯ ಯಜಮಾನ ಗಿಂಡಿ ಹಿಡಿದುಕೊಂಡು ಮಾವನವರ ಹತ್ತಿರ ಬಂದ. "ಕಾಕಾ, ಏಳ್ರಿ. ನೀವು ಉಣಬ್ಯಾಡ್ರಿ, ನೀಡಾಕೇನು ಅಡ್ಡಿ?" ಮಾವನವರು ಕೈ ಚಾಚಿದರು. ಚಾಚಿದವರು ತಲೆಯೆತ್ತಿ, ಎದುರಿನ ಹೆಂಗಸರ ಸಾಲಿನ ಕಡೆ ನೋಡಿದರು. ನಾನು ಅಲ್ಲಿ ಕೂತಿದ್ದೆ. ನಾನು ಏನೂ ಮಾಡಲಿಲ್ಲ, ಆಣೆಯಿಟ್ಟು ಹೇಳುತ್ತೇನೆ, ನಗಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ, ಸುಮ್ಮನೆ ಕೂತಿದ್ದೆ ಅಷ್ಟೇ. ಅವರು ಚಾಚಿದ ಕೈಯನ್ನು ಹಿಂದೆ ಎಳೆದುಕೊಂಡು ಧೋತರಕ್ಕೆ ಒರೆಸಿಕೊಂಡರು.

"ಕೈ ನಡಗ್ತೈತಿ ತಮ್ಮಾ. ಬ್ಯಾರೇದವ್ರಿಗೆ ಕೊಡು."

ಅವರ ಕೈ ನಡುಗುತ್ತಿರಲಿಲ್ಲ. ಮುಂಜಾನೆ ಅದೇ ಕೈಯಲ್ಲಿ ಎಮ್ಮೆ ಹಿಂಡಿದ್ದರು. ಯಾರೋ ಪಡ್ಡೆ ಹುಡುಗ ಗಿಂಡಿ ಹಿಡಿದು ಮೊದಲ ಪಂಗ್ತಿಯಲ್ಲೇ ಅರ್ಧ ಮುಗಿಸಿದ. ನನ್ನ ಎಲೆಗೆ ತುಪ್ಪ ಬಂದಾಗ ನಾನು ಅಂಗೈ ಅಡ್ಡ ಹಿಡಿದೆ. ಆ ಮೇಲೆ ಯಾರೂ ಅವರನ್ನು ಕರೆಯಲಿಲ್ಲ. ಮೆಲ್ಲಗೆ ಮದುವೆಯ ಊಟಗಳಿಗೂ ಡಬ್ಬಿಯೇ ಬರತೊಡಗಿತು. ಕಾಸಿದ ಡಬ್ಬಿ ತುಪ್ಪ ನೀಡಲಿಕ್ಕೆ ಅಂಥ ಕೈ ಬೇಕಾಗಿಯೂ ಇರಲಿಲ್ಲ.

ಮಾವನವರು ತೀರಿಕೊಂಡದ್ದು ಕುಸುಬಿ ಕೀಳುವ ಕಾಲದಲ್ಲಿ. ಕುಸುಬಿಯನ್ನು ನಸುಕಿನಲ್ಲೇ ಕೀಳಬೇಕು, ಇಬ್ಬನಿಗೆ ಮುಳ್ಳು ಮೆತ್ತಗಾಗಿರುತ್ತದೆ. ಬೇಡವೆಂದರೂ ಹೊಲಕ್ಕೆ ಹೋಗಿದ್ದರು. ಬದುವಿನ ಮೇಲೆ ಕೂತವರು ಏಳಲಿಲ್ಲ. ಈ ಸಲ ಟೆಂಪೋಕ್ಕೆ ಕಾಯಲಿಲ್ಲ ಜೀವ. "ಇಷ್ಟು ಪಥ್ಯ ಮಾಡಿದರೂ ಹಿಂಗಾತಲ್ಲ" ಎಂದು ನನ್ನ ಗಂಡ ಹಣೆಗೆ ಕೈ ಹಚ್ಚಿ ಕೂತಿದ್ದರು. ಊರವರು "ಹಣೆಬರಹ" ಅಂದರು. ನಾನೂ ಅದನ್ನೇ ಅಂದೆ.

ಹಣೆಬರಹದ ಮಾತು ಮೂವತ್ತು ವರ್ಷ ನಡೆಯಿತು. ಆಮೇಲೆ ನನ್ನ ಎದೆಯೇ ಹಿಡಿದುಕೊಂಡಿತು. ನನ್ನನ್ನು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವಳೇ. ಏನು ತಿನ್ನುತ್ತೀರಿ ಅಂತ ಕೇಳಿದಳು. ಚಹಾದ ಜೊತೆ ಖಾರಿ ಬಿಸ್ಕೀಟು, ಟೋಸ್ಟು ಅಂದೆ. "ಅದೆಲ್ಲಾ ಬಿಡ್ರಿ ಅಮ್ಮಾ. ಅದರಾಗ ಹಾಕೋ ವನಸ್ಪತಿ ಬ್ಯಾಡ ನಿಮಗ" ಅಂದಳು. ಯಾಕೆ, ಅದು ಎಣ್ಣೆಯಲ್ಲವೆ ಅಂದೆ. ಅವಳು ನಗಲಿಲ್ಲ, ತಿಳಿಸಿ ಹೇಳಿದಳು. ಎಣ್ಣೆಗೆ ಗಾಳಿಯಂಥ ಒಂದು ಅನಿಲ ಹಾಯಿಸಿ ಗಟ್ಟಿ ಮಾಡುತ್ತಾರಂತೆ. ಹಾಗೆ ಮಾಡುವಾಗ ಎಣ್ಣೆಯ ಗುಣವೇ ತಿರುಗಿ ಟ್ರಾನ್ಸ್ ಫ್ಯಾಟ್ ಎನ್ನುವ ಕೊಬ್ಬು ಹುಟ್ಟುತ್ತದಂತೆ. ಅದು ರಕ್ತದಲ್ಲಿ ಕೆಟ್ಟ ಕೊಬ್ಬನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ, ರಕ್ತನಾಳಗಳ ಒಳಗೋಡೆಗೆ ಹತ್ತಿ ದಾರಿ ಕಟ್ಟುತ್ತದೆ. ಈಗೀಗ ಸರಕಾರ ಅದಕ್ಕೆ ಕಡಿವಾಣ ಹಾಕಿದೆ, ಆಗಿನ ಡಬ್ಬಿಗಳಲ್ಲಿ ಅದು ಬಹಳ ಇತ್ತು ಅಂದಳು.

"ತುಪ್ಪಕ್ಕಿಂತ ಕೆಟ್ಟದ್ದೇನವ್ವಾ?"

"ತುಪ್ಪ ಭಾಳ ತಿಂದ್ರೂ ಛಲೋ ಅಲ್ರಿ ಅಮ್ಮಾ. ಆದ್ರ ಇದು ಅದಕ್ಕಿಂತ ಕೆಟ್ಟದ್ದು. ಎದಿ ಬ್ಯಾನಿ ಇದ್ದವರಿಗಂತೂ ಒಂದು ಚಮಚಾನೂ ಹಾಕಬಾರದು."

ಒಂದು ಚಮಚ. ನಾನು ಮಿಳ್ಳೆ ಮಿಳ್ಳೆ ಹಾಕಿದವಳು. ಕುರ್ಚಿಯ ಮೇಲೆ ಕೂತಲ್ಲೇ ಮುಖ ಬಿಸಿಯಾಯಿತು, ಕಿವಿ ಬಿಸಿಯಾಯಿತು. ಡಾಕ್ಟರು ಗಾಬರಿಯಾಗಿ ನನ್ನ ಬಿ.ಪಿ. ನೋಡಿದಳು. ನಮ್ಮ ಬದುವಿನ ಕುಸುಬಿ ಎಣ್ಣೆ ನಡೆಯುತ್ತಿತ್ತೇ ಅಂತ ಕೇಳಿದೆ. ಹಿತಮಿತವಾಗಿ ನಡೆಯುತ್ತಿತ್ತು ಅಂದಳು. ತುಪ್ಪ ತಿಂದಿದ್ದರೆ ಮಾವನವರು ಬದುಕುತ್ತಿದ್ದರು ಅಂತ ನಾನು ಹೇಳುವುದಿಲ್ಲ, ಹೇಳಲು ನಾನು ಯಾರು. ಮೊದಲೇ ಕೆಟ್ಟಿದ್ದ ಎದೆ. ಮತ್ತೆ ನಮಗೆ ಗೊತ್ತಿರಲಿಲ್ಲ, ಅಂಗಡಿಯವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದ್ದಕ್ಕೆ ದೇವರೂ ಕ್ಷಮಿಸುತ್ತಾನೆ ಅನ್ನುತ್ತಾರೆ. ಆ ಸಮಾಧಾನವನ್ನು ನಾನು ತೆಗೆದುಕೊಂಡಿದ್ದೇನೆ.

ಆದರೆ ನನ್ನ ನಾಚಿಕೆ ಈ ಡಾಕ್ಟರ ಮಾತಿಗಿಂತ ಹಳೆಯದು. ಅದು ಮಾವನವರ ದಿನಕರ್ಮದ ದಿನದ್ದು.

ಅವತ್ತು ಅವರಿಗೆ ಎಡೆ ಹಿಡಿಯುವುದಿತ್ತು. ಬದುಕಿದ್ದಾಗ ಅವರಿಗೆ ಏನೇನು ಸೇರುತ್ತಿತ್ತೋ ಅದೆಲ್ಲ ಮಾಡಿದ್ದೆವು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಕಟ್ಟಿನ ಸಾರು. ಅತ್ತೆ ಆ ದುಃಖದಲ್ಲೂ ನಸುಕಿನಲ್ಲೆದ್ದು ಬೆಣ್ಣೆ ಕಾಸಿದ್ದರು. ಬೀಗರು, ಊರವರು ಪಡಸಾಲೆ ತುಂಬ ನೆರೆದಿದ್ದರು. "ಲಗೂ ಎಡಿ ತಯಾರ ಮಾಡ್ರಿ, ಹೊತ್ತಾತು" ಎಂದು ಹೊರಗಿನಿಂದ ಕೂಗುತ್ತಿದ್ದರು. ಬಾಳೆ ಎಲೆ ಹಾಸಿ ನಾನು ನೀಡತೊಡಗಿದೆ. ಅನ್ನ ಹಾಕಿದೆ, ಪಲ್ಯ ಹಾಕಿದೆ, ಹೋಳಿಗೆ ಇಟ್ಟೆ. ಅವರ ಎಲೆ ಅಲ್ಲವೆ? ಕೈ ತಾನಾಗಿಯೇ ಹಿಂದಿನ ಗೋಡೆಯ ಮಾಡಕ್ಕೆ ಹೋಯಿತು. ಡಬ್ಬಿಯ ಮುಚ್ಚಳ ತೆಗೆದು ಒಂದು ಮಿಳ್ಳೆ ಹೋಳಿಗೆಯ ಮೇಲೆ ಹಾಕಿ, ಅಭ್ಯಾಸದಂತೆ ಇನ್ನೊಂದು ಹಾಕಿದೆ.

ಅತ್ತೆ ಬಂದು ಎಲೆ ನೋಡಿದರು. ಹೋಳಿಗೆ ಆರಿತ್ತು, ಅದರ ಮೇಲೆ ಅದು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನನ್ನ ಗಂಡಗ ಇನ್ನೂ ಪಥ್ಯ ಬಿಡಿಸಲಿಲ್ಲೇನ ಬೇ?" ಅಂದರು.

ಅತ್ತೆ ಎಲೆಯ ಮುಂದೆ ಕೂತು ಆ ಹೋಳಿಗೆಯನ್ನು ಎತ್ತಿ ಬಾಜೂಕಿಟ್ಟರು. ಬೇರೆ ಹೋಳಿಗೆ ಇಟ್ಟರು. ತುಪ್ಪದ ಗಡಿಗೆಯನ್ನು ಹತ್ತಿರ ಎಳೆದುಕೊಂಡು, ಅದರ ಕಂಠವನ್ನು ಸವರುತ್ತ, ನನಗೋ ಗಡಿಗೆಗೋ ಎಂಬಂತೆ ಹೇಳಿದರು:

"ಡಾಕ್ಟರು ತುಪ್ಪ ಬ್ಯಾಡ ಅಂದ್ರು, ಬಿಡಿಸಿದೆ. ಗಸಿಗೇನಾಗತೈತಿ ಅಂತ ತಳದಾಗ ಬಿಟ್ಟು ಹೋಗತಿದ್ದೆ, ಸಂತಿ ದಿನ. ನಿನ್ನ ಕೆರೀಗೆ ಕಳಿಸಿ, ಮನ್ಯಾಗ ಯಾರೂ ಇಲ್ಲದಂಗ ಮಾಡಿ. ಬಂದು ನೋಡೂದ್ರಾಗ ಗಡಿಗಿ ತೊಳದಂಗ ಇರ್ತಿತ್ತು. ನಾ ಕೇಳತಿದ್ದಿಲ್ಲ, ಆಂವ ಹೇಳತಿದ್ದಿಲ್ಲ. ವಾರಕ್ಕೊಂದು ಸಂತೋಷ, ತಿನ್ನಲಿ ಅಂತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಒಂದು ಸಂತಿ ದಿನದಿಂದ ಮುಟ್ಟೂದ ಬಿಟ್ಟ. ಗಸಿ ಹಂಗs ಇರ್ತಿತ್ತು. ಬೆಲ್ಲ ಹಾಕಿಟ್ಟೆ, ಆವಾಗೂ ಮುಟ್ಟಲಿಲ್ಲ. ಬೆಕ್ಕಿಗೆ ಹಾಕತಿದ್ದೆ. ಯಾಕ ಬಿಟ್ಟಾನು? ನಾ ಏನರ ಅಂದಿನೇನು? ನಿನಗೇನರ ಗೊತ್ತೈತೇನ ತಂಗಿ?"

ಹೊರಗೆ ಎಮ್ಮೆ ಗೋದಲಿಯಲ್ಲಿ ಮೇವು ತಿನ್ನುತ್ತಿತ್ತು. ಅತ್ತೆ ನನ್ನ ಮುಖ ನೋಡುತ್ತಿದ್ದರು. ನಡುವೆ ಯಾರೂ ಇರಲಿಲ್ಲ.

"ಇಲ್ರೀ ಅತ್ತೀ" ಅಂದೆ.

ಅವರು ತಲೆ ಆಡಿಸಿ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಬಗ್ಗಿಸಿದರು. ತುಪ್ಪ ಹೋಳಿಗೆಯ ಮೇಲೆ ಬಿತ್ತು, ಹೋಳಿಗೆ ಮುಳುಗಿತು, ಅನ್ನದ ಬುಡಕ್ಕೆ ಹರಿಯಿತು, ಎಲೆಯ ಅಂಚು ದಾಟಿ ನೆಲಕ್ಕೆ ಇಳಿಯಿತು. ಅವರು ನಿಲ್ಲಿಸಲಿಲ್ಲ. ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ಸಾಕು ಅನ್ನುವವರು ಯಾರೂ ಇರಲಿಲ್ಲ.